ಪ್ಲಸ್ ಹಚ್ಚಿದ ನಂಬರು

ಮೂವತ್ತು ವರ್ಷ ಎತ್ತಿನ ದಲಾಲಿ ಮಾಡಿದವನು ನಾನು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ತಾಲ್ಲೂಕಿನ ದನದ ಸಂತೆಗಳಲ್ಲಿ ದಸ್ತಗೀರಸಾಬ ಬಂದನೆಂದರೆ ಎತ್ತುಗಳು ತಾವಾಗಿಯೇ ಬಾಯಿ ತೆರೆದು ಹಲ್ಲು ತೋರಿಸುತ್ತವೆ ಎಂದು ಜನ ಹೇಳುತ್ತಿದ್ದರು. ಜನ ಹೇಳದ ದಿನ ನಾನೇ ಹೇಳಿಕೊಳ್ಳುತ್ತಿದ್ದೆ. ಅಂಥವನಿಗೆ ಪರದೇಶದಲ್ಲಿ ಉಗುರಿನಷ್ಟಗಲದ ಒಂದು ಸಿಮ್ ಕಾರ್ಡು ಆರಿಸುವುದು ಯಾವ ಘನಂದಾರಿ ಕೆಲಸ?

ನಾನೂ ನನ್ನ ಹೆಂಡತಿ ಶರೀಫಾಳೂ ಮಕ್ಕಾಕ್ಕೆ ಉಮ್ರಾ ಯಾತ್ರೆಗೆ ಹೊರಟಿದ್ದೆವು. ನಮ್ಮಲ್ಲಿ ಒಂದು ಪದ್ಧತಿ ಇದೆ. ಅಲ್ಲಿಗೆ ಹೋಗುವ ಮೊದಲು ಗುರುತು ಪರಿಚಯದವರ ಮನೆಗೆಲ್ಲ ಹೋಗಿ, ಆಡಿದ್ದು ಅಂದದ್ದು ಏನಿದ್ದರೂ ಮಾಫ್ ಮಾಡಿರಿ ಎಂದು ಕೇಳಿಕೊಂಡು ಬರಬೇಕು. ಮನುಷ್ಯರು ಮಾಫ್ ಮಾಡದೆ ಬಿಟ್ಟದ್ದನ್ನು ಅಲ್ಲಿ ಅಲ್ಲಾಹನ ಮುಂದೆ ಹೊತ್ತುಕೊಂಡು ಹೋದರೆ ನಡೆಯುವುದಿಲ್ಲ. ಸರಿ, ಹದಿನೈದು ದಿನ ಮಾಫಿ ಕೇಳುವ ಪ್ರವಾಸವನ್ನು ಕೈಗೊಂಡೆ. ಹೊರ್ತಿಯಲ್ಲಿ ನಮ್ಮ ಬೀಗರನ್ನು ಕೇಳಿದೆ. ಸಿಂದಗಿಯಲ್ಲಿ ಒಬ್ಬ ರೈತನನ್ನು ಕೇಳಿದೆ. ನಾನು ಕೊಡಿಸಿದ ಎತ್ತು ಅವನನ್ನು ಎರಡು ಸಲ ಒದ್ದಿತ್ತು. ಮನಗೂಳಿಯಲ್ಲೊಬ್ಬರು ಯಾವುದಕ್ಕೆ ಮಾಫಿ ಎಂದು ಬಿಡಿಸಿ ಕೇಳಿದರು. ಒಂದೊಂದಾಗಿ ಹೇಳುತ್ತ ಹೋದಾಗ ಅವರಿಗೆ ಗೊತ್ತೇ ಇಲ್ಲದ ಎರಡು ಹೊರಗೆ ಬಂದವು! ಮಾಫ್ ಮಾಡಲು ಅವರು ಮೊದಲಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡರು.

ಉಳಿದದ್ದು ಮುದ್ದೇಬಿಹಾಳ. ಅಲ್ಲಿ ನನ್ನ ಅಣ್ಣ ಹುಸೇನಸಾಬ ಇದ್ದ.

ಅವನೂ ದಲಾಲ. ನನಗೆ ಹಲ್ಲು ನೋಡಲು ಕಲಿಸಿದವನೇ ಅವನು. ಒಂಬತ್ತು ವರ್ಷದ ಹಿಂದೆ ಅದೇ ಊರಿನ ಸಂತೆಯಲ್ಲಿ ಅವನು ಒಂದು ಎತ್ತನ್ನು ನಾಲ್ಕು ಹಲ್ಲಿನದು, ಅಂದರೆ ಹರೆಯದ್ದು ಎಂದು ಗಿರಾಕಿಗೆ ತೋರಿಸುತ್ತಿದ್ದ. ಅವನ ಕಣ್ಣು ಮಂಜಾಗಿದ್ದವೆಂದು ಆಮೇಲೆ ತಿಳಿಯಿತು. ನಾನು ಹೋಗಿ ಎತ್ತಿನ ಬಾಯಿ ಅಗಲಿಸಿ, ಹಲ್ಲೆಲ್ಲ ಕೂಡಿದ ಮುದಿ ಎತ್ತು ಇದು, ನಿನಗೆ ಹಲ್ಲು ಎಣಿಸಲು ಬರುವುದಿಲ್ಲ ಎಂದೆ. ಹತ್ತು ಜನರ ಮುಂದೆ ಅಂದೆ. ಹತ್ತೂ ಜನ ನಕ್ಕರು. ಅಣ್ಣ ಹೆಗಲ ಮೇಲಿನ ವಲ್ಲಿಬಟ್ಟೆಯನ್ನು ಝಾಡಿಸಿ ಮಡಚಿ ಬಗಲಲ್ಲಿ ಇಟ್ಟುಕೊಂಡು ಮನೆಗೆ ಹೋದ. ಮತ್ತೆ ಯಾವ ಸಂತೆಗೂ ಬರಲಿಲ್ಲ. ನನ್ನ ಜೊತೆ ಮಾತನ್ನೂ ಆಡಲಿಲ್ಲ. ಹಲ್ಲಿನ ಲೆಕ್ಕದಲ್ಲಿ ನಾನೇ ಸರಿ ಇದ್ದೆ. ಆ ಒಂದು ಸರಿಯನ್ನು ಹಿಡಿದುಕೊಂಡೇ ಒಂಬತ್ತು ವರ್ಷ ಕೂತಿದ್ದೆ.

ಈಗ ಅವನು ಎರಡು ತಿಂಗಳಿಂದ ಹಾಸಿಗೆ ಹಿಡಿದಿದ್ದ. ಹೋಗಲೇಬೇಕಾಗಿತ್ತು. ಹೊರಟೂ ಇದ್ದೆವು. ಬಾಗೇವಾಡಿ ಬಸ್ ನಿಲ್ದಾಣದಲ್ಲಿ ಬಸ್ಸು ಬದಲಿಸಲು ಇಳಿದಾಗ ನನ್ನ ಕಾಲು ಮುಂದಕ್ಕೆ ಏಳಲಿಲ್ಲ. ಏನೆಂದು ಮಾತು ಶುರು ಮಾಡುವುದು? ಅವನು ಮುಖ ತಿರುಗಿಸಿದರೆ? ಆಗ ನನ್ನ ತಲೆಗೆ ಒಂದು ದಿವ್ಯವಾದ ಯೋಚನೆ ಹೊಳೆಯಿತು. ಮುದ್ದೇಬಿಹಾಳದಲ್ಲಿ ನಿಂತು ಕೇಳುವ ಮಾಫಿಗೂ ಸಾಕ್ಷಾತ್ ಮಕ್ಕಾದಿಂದ ಕೇಳುವ ಮಾಫಿಗೂ ತೂಕದಲ್ಲಿ ವ್ಯತ್ಯಾಸವಿಲ್ಲವೇ? ಅಲ್ಲಿಂದ ಫೋನು ಮಾಡಿದರೆ ಇಲ್ಲವೆನ್ನಲು ಯಾರಿಗೆ ಮನಸ್ಸಾಗುತ್ತದೆ? ಇದನ್ನೆಲ್ಲ ಶರೀಫಾಳಿಗೆ ವಿವರಿಸಿದೆ.

ಅವಳು ಬ್ಯಾಗು ಎತ್ತಿಕೊಂಡು ನಮ್ಮೂರು ಇಂಡಿಯ ಬಸ್ಸಿನ ಕಡೆ ತಿರುಗುತ್ತ ಅಂದಳು, "ಫೋನಿನಾಗ ಕಾಲು ಹಿಡಿಯಾಕ ಬರಂಗಿಲ್ರಿ."

ಹೀಗಾಗಿ ಸಿಮ್ ಕಾರ್ಡು ಅತ್ಯಗತ್ಯವಾಯಿತು. ಇಲ್ಲಿಂದಲೇ ರೀಚಾರ್ಜ್ ಮಾಡಿಸಿಕೊಂಡು ಹೋಗಿ, ಇದೇ ನಂಬರು ಅಲ್ಲಿಯೂ ನಡೆಯುತ್ತದೆ ಎಂದು ಮಗ ಹೇಳಿದ. ನಾನು ಒಪ್ಪಲಿಲ್ಲ. ಆ ಊರಿನ ಎತ್ತನ್ನು ಆ ಊರಿನ ಸಂತೆಯಲ್ಲೇ ಕೊಳ್ಳಬೇಕು, ಅಲ್ಲಿಯ ಸಿಮ್ಮೇ ಸೋವಿ ಎಂದೆ. ಇಬ್ಬರಿಗೆ ಎರಡು ಫೋನು ಯಾಕೆ ದಂಡ ಎಂದು ಶರೀಫಾಳ ಫೋನನ್ನು ಮನೆಯಲ್ಲೇ ಇಡಿಸಿದೆ. ನನ್ನ ವ್ಯವಹಾರಜ್ಞಾನದ ಬಗ್ಗೆ ನನಗೇ ಗೌರವ ಮೂಡಿತು.

ಇನ್ನೊಂದು ವಿಷಯ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಖಾನದಾನದ್ದು ಒಂದು ವಾಟ್ಸಾಪ್ ಗ್ರೂಪ್ ಇದೆ. ಅದರ ಅಡ್ಮಿನ್, ಮುಖ್ಯ ಭಾಷಣಕಾರ ಎರಡೂ ನಾನೇ. ಹೋದ ವರ್ಷ ಹೊರ್ತಿಯ ಬೀಗರಿಗೆ ಯಾರೋ ಪೊಲೀಸ್ ಎಂದು ಸುಳ್ಳು ಹೇಳಿ ಫೋನು ಮಾಡಿ ಹೆದರಿಸಿದಾಗಿನಿಂದ ದಿನವೂ ಬೆಳಿಗ್ಗೆ ಒಂದು ಧ್ವನಿ ಸಂದೇಶ ಕಳಿಸುತ್ತಿದ್ದೆ. ಪ್ಲಸ್ ಹಚ್ಚಿದ ಪರದೇಶದ ನಂಬರು ಬಂದರೆ ಎತ್ತಬೇಡಿ, ಎತ್ತಿದರೂ ನಂಬಬೇಡಿ, ಈಗಿನ ಕಳ್ಳರು ಗುರುತಿನವರ ದನಿಯನ್ನೇ ತೆಗೆದು ಮಾತಾಡುತ್ತಾರೆ, ಅಳುತ್ತಾರೆ, ಕಾಲಿಗೆ ಬೀಳುತ್ತಾರೆ. ಹೊರಡುವ ವಾರದ ಸಂದೇಶದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದೆ. ನಾನು ಯಾತ್ರೆಗೆ ಹೋದದ್ದು ಕಳ್ಳರಿಗೂ ಗೊತ್ತಾಗುತ್ತದೆ, ನನ್ನ ಹೆಸರಿನಲ್ಲಿ ಹೊಸ ನಂಬರಿನಿಂದ ಯಾರೇ ಬಂದರೂ ಕಳ್ಳನೆಂದೇ ತಿಳಿಯಿರಿ! ಅದನ್ನು ಹೇಳಿದವನೇ ಹೊಸ ನಂಬರು ಕೊಳ್ಳಲು ಹೊರಟಿದ್ದಾನೆ ಎಂಬುದು ನನಗೂ ಹೊಳೆಯಲಿಲ್ಲ, ಹೆಬ್ಬೆರಳು ತೋರಿಸಿ ಶಹಭಾಸ್ ಅಂದ ಗ್ರೂಪಿನ ಮೂವತ್ತೆಂಟು ಮಂದಿಗೂ ಹೊಳೆಯಲಿಲ್ಲ.

ಜೆಡ್ಡಾ ವಿಮಾನ ನಿಲ್ದಾಣದಲ್ಲಿ ಇಳಿದಾಗ ನಾನು ಇಹ್ರಾಮಿನಲ್ಲಿದ್ದೆ. ಅಂದರೆ ಹೊಲಿಗೆ ಇಲ್ಲದ ಎರಡು ಬಿಳಿ ಬಟ್ಟೆ, ಒಂದು ಸೊಂಟಕ್ಕೆ, ಒಂದು ಹೆಗಲಿಗೆ. ಅದನ್ನು ಉಟ್ಟವರು ಜಗಳ ಆಡಬಾರದು, ಚೌಕಾಸಿ ಮಾಡಿ ದನಿ ಏರಿಸಬಾರದು. ಶರೀಫಾ ಮೂರು ಸಲ ನೆನಪಿಸಿದಳು. ಎದುರಿಗೆ ಮೂರು ಬಣ್ಣದ ಮೂರು ಸಿಮ್ ಅಂಗಡಿಗಳು. ಸಂತೆಗೆ ಬಂದ ಹಾಗಾಯಿತು ನನಗೆ. ಮೂರನ್ನೂ ಎರಡೆರಡು ಸುತ್ತು ಹಾಕಿದೆ. ಆಸಕ್ತಿ ಇಲ್ಲದವನ ಹಾಗೆ ಮುಖ ಮಾಡಿಕೊಂಡು ಮೂರನೆಯದರ ಮುಂದೆ ನಿಂತೆ.

ಒಳಗಿದ್ದ ಅರಬರ ತರುಣ ನಗುತ್ತ, "ಶರೀಹಾ?" ಎಂದ.

ನಾನು ದಂಗಾಗಿ ಹೆಂಡತಿಯ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಇವನಿಗೆ ನಿನ್ನ ಹೆಸರು ಹೇಗೆ ಗೊತ್ತು ಎಂದು ನಾನು, ನಿಮ್ಮ ಪಾಸ್‌ಪೋರ್ಟಿನಲ್ಲಿ ಓದಿರಬೇಕು ಎಂದು ಅವಳು. ಅವನು ಮತ್ತೆ, ಒಂದಾ ಎರಡಾ ಎಂಬಂತೆ ಬೆರಳು ಎತ್ತಿ, "ಶರೀಹಾ?" ಎಂದ. ಒಬ್ಬಳೇ ಎಂದು ಗಟ್ಟಿಯಾಗಿ ಹೇಳಿದೆ. ಸಾಲಿನಲ್ಲಿ ಹಿಂದೆ ನಿಂತಿದ್ದ ಹೈದರಾಬಾದಿನವರೊಬ್ಬರು, ಅರಬಿಯಲ್ಲಿ ಸಿಮ್ ಕಾರ್ಡಿಗೆ ಹಾಗೆ ಅನ್ನುತ್ತಾರೆ ಎಂದು ತಿಳಿಸಿದ ಮೇಲೆ ಶರೀಫಾ ಅಲ್ಲಿಂದ ನಾಲ್ಕು ಹೆಜ್ಜೆ ದೂರ ಹೋಗಿ ನಿಂತಳು.

ತರುಣ ಒಂದು ಹಾಳೆ ತೋರಿಸಿದ. ಅದರಲ್ಲಿ ಐದಾರು ಬಗೆಯ ಸಿಮ್ಮುಗಳು, ಒಂದೊಂದರ ಮುಂದೆ ಒಂದೊಂದು ಅಂಕಿ. ಎಲ್ಲಕ್ಕಿಂತ ದೊಡ್ಡ ಅಂಕಿ ಇದ್ದದ್ದರ ಮೇಲೆ ಬೆರಳಿಟ್ಟೆ. ಅದು ಏನನ್ನು ಎಣಿಸುವ ಅಂಕಿ ಎಂದು ಕೇಳಲಿಲ್ಲ. ಅವನು ಏನೋ ಹೇಳುತ್ತ ತನ್ನ ಕೈ ಮುಂದೆ ಚಾಚಿದ, ಬೆರಳು ಕೊಡು ಎಂದು ಸನ್ನೆ ಮಾಡಿದ.

ನಮ್ಮ ಸಂತೆಗಳಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೊಡುವವನೂ ಕೊಳ್ಳುವವನೂ ವಲ್ಲಿಯ ಮರೆಯಲ್ಲಿ ಕೈಗೆ ಕೈ ಕೊಟ್ಟು ಬೆರಳು ಒತ್ತಿ ವ್ಯವಹಾರ ಮುಗಿಸುತ್ತಾರೆ. ಸುತ್ತಲಿದ್ದವರಿಗೆ ಗುಟ್ಟು ತಿಳಿಯಬಾರದಲ್ಲ! ಮೂವತ್ತು ವರ್ಷದ ಅಭ್ಯಾಸ, ಎದುರಿನವನು ಬೆರಳು ಕೇಳಿದ. ಈ ದೇಶದವರೂ ನಮ್ಮವರೇ ಎಂದು ನನಗೆ ಕಣ್ಣು ತುಂಬಿ ಬಂತು. ಹೆಗಲ ಮೇಲಿನ ಇಹ್ರಾಮಿನ ಸೆರಗನ್ನು ಅವನ ಕೈ ಮೇಲೆ ಹೊದಿಸಿ, ಒಳಗೆ ಅವನ ಮೂರು ಬೆರಳು ಹಿಡಿದು ಒತ್ತಿದೆ. ಹಾಳೆಯಲ್ಲಿದ್ದ ದರದ ಅರ್ಧಕ್ಕೆ ಕೇಳಿದ್ದೆ. ಅವನು ಕೈ ಎಳೆದ. ಎಳೆಯುವುದೆಂದರೆ ನಮ್ಮಲ್ಲಿ ಇನ್ನೂ ಸ್ವಲ್ಪ ಏರಿಸು ಎಂದರ್ಥ. ನಾಲ್ಕು ಬೆರಳು ಒತ್ತಿದೆ. ಅವನು ಕೂಗಿದ.

ಸಮವಸ್ತ್ರದವರೊಬ್ಬರು ಬಂದರು. ಹೈದರಾಬಾದಿನವರು ನನ್ನ ಪರವಾಗಿ ಬಹಳ ಮಾತಾಡಬೇಕಾಯಿತು. ಅವನು ಬೆರಳು ಕೇಳಿದ್ದು ಪಕ್ಕದಲ್ಲಿದ್ದ ಪುಟ್ಟ ಯಂತ್ರದ ಮೇಲೆ ಒತ್ತಿಸಲಿಕ್ಕೆ ಎಂದು ಕೊನೆಗೆ ತಿಳಿಯಿತು. ಬೆರಳಚ್ಚು ಇಲ್ಲದೆ ಅಲ್ಲಿ ಸಿಮ್ ಕೊಡುವುದಿಲ್ಲ. ಹಾಳೆಯಲ್ಲಿದ್ದ ದರವನ್ನೇ ತೆತ್ತೆ. ತರುಣ ಆಮೇಲೆ ನನ್ನ ಕಡೆ ನೋಡಲಿಲ್ಲ. ಹಳೆಯ ಸಿಮ್ ತೆಗೆದು ಹೊಸದನ್ನು ಹಾಕಿ, ಫೋನನ್ನು ದೂರದಿಂದಲೇ ನನ್ನ ಕಡೆ ಸರಿಸಿದ.

ಹಳೆಯ ಸಿಮ್ಮನ್ನು ಜೋಪಾನವಾಗಿ ಮುಷ್ಟಿಯಲ್ಲಿ ಹಿಡಿದುಕೊಂಡೆ. ಇಹ್ರಾಮಿಗೆ ಕಿಸೆ ಇರುವುದಿಲ್ಲವಲ್ಲ! ಬಸ್ಸು ಹತ್ತುವಾಗ ಕಂಬಿ ಹಿಡಿಯಲು ಮುಷ್ಟಿ ಬಿಚ್ಚಿದೆ. ಅಲ್ಲಿಗೆ ನನ್ನ ಇಂಡಿಯ ನಂಬರು ಜೆಡ್ಡಾದ ನೆಲಕ್ಕೆ ಅರ್ಪಿತವಾಯಿತು. ಮೊಣಕಾಲೂರಿ ಹುಡುಕಿದೆ. ನೋಡಿದವರು ಭಕ್ತಿ ಎಂದುಕೊಂಡರು.

ಬಸ್ಸಿನಲ್ಲಿ ಕೂತಾಗ ಫೋನು ಒಂದು ಪ್ರಶ್ನೆ ಕೇಳಿತು. ನಂಬರು ಬದಲಾದಂತೆ ಕಾಣುತ್ತದೆ, ವಾಟ್ಸಾಪಿನಲ್ಲೂ ಬದಲಿಸಲೇ? ಹೌದು ಎಂದು ಒತ್ತಿದೆ. ಯಂತ್ರಕ್ಕೆ ಸುಳ್ಳು ಹೇಳಬಾರದು. ಮುಟ್ಟಿದ್ದೇವೆ, ಎಲ್ಲ ಕ್ಷೇಮ ಎಂದು ಗ್ರೂಪಿಗೆ ಬರೆದೆ. ಎರಡು ನಿಮಿಷದಲ್ಲಿ ಮುದ್ದೇಬಿಹಾಳದಿಂದ ಅಣ್ಣನ ಮಗ ಇಸ್ಮಾಯಿಲ ಬರೆದ. ಹುಷಾರ್ ಎಲ್ಲಾರೂ, ಕಾಕಾ ಹೇಳಿದ್ದ ಕಳ್ಳ ಬಂದಾನ. ಅವನೂ ಒಬ್ಬ ಅಡ್ಮಿನ್. ಅವನನ್ನು ಹಾಗೆ ಮಾಡಿದವನೂ ನಾನೇ. ಮೂರನೆಯ ನಿಮಿಷಕ್ಕೆ ನನ್ನನ್ನು ಗ್ರೂಪಿನಿಂದ ಹೊರಗೆ ಹಾಕಿದ. ಮಗನಿಗೆ ಬರೆದರೆ ಅವನೂ ನನ್ನನ್ನು ಬ್ಲಾಕ್ ಮಾಡಿದ. ನನ್ನ ಬೋಧನೆ ಇಷ್ಟು ಚೆನ್ನಾಗಿ ನಾಟಿರುವುದನ್ನು ನಾನು ಮೊದಲ ಸಲ ಕಂಡೆ.

ಮಕ್ಕಾದಲ್ಲಿ ಉಮ್ರಾ ಮುಗಿಸಿ ಮರುದಿನ ಬೆಳಿಗ್ಗೆ ಅಣ್ಣನಿಗೆ ಫೋನು ಮಾಡಲು ಕೂತೆ. ಅಣ್ಣನದು ಗುಂಡಿ ಒತ್ತುವ ಹಳೆಯ ಫೋನು, ಅದರಲ್ಲಿ ವಾಟ್ಸಾಪಿಲ್ಲ. ನೆಟ್ಟಗೆ ನಂಬರು ಒತ್ತಿಯೇ ಮಾತಾಡಬೇಕು. ನಂಬರುಗಳೆಲ್ಲ ಹಳೆಯ ಸಿಮ್ಮಿನ ಜೊತೆ ಹೋಗಿದ್ದವು. ಮಗನ ನಂಬರು ನನಗೆ ಬಾಯಿಪಾಠ ಇಲ್ಲ. ಮನೆಯದೂ ಇಲ್ಲ. ಆದರೆ ಒಂಬತ್ತು ವರ್ಷದಿಂದ ಒಮ್ಮೆಯೂ ಒತ್ತದ ಅಣ್ಣನ ನಂಬರು ಹತ್ತಕ್ಕೆ ಹತ್ತೂ ಅಂಕಿ ನೆನಪಿಗೆ ಬಂದವು. ಬೆರಳು ತಾನೇ ಒತ್ತಿಕೊಂಡು ಹೋಯಿತು. ಆಗ ನನಗೆ ಬಹಳ ಸಂಕಟವಾಯಿತು.

ಫೋನಿನೊಳಗಿನ ಹೆಂಗಸು ಅರಬಿಯಲ್ಲಿ ಏನೋ ಅಂದಳು. ಮತ್ತೆ ಒತ್ತಿದೆ. ಮತ್ತೆ ಅಂದಳು. ಹೋಟೆಲಿನ ಕೆಳಗಿದ್ದ ಫೋನಂಗಡಿಗೆ ಹೋಗಿ ತೋರಿಸಿದೆ. ಅಂಗಡಿಯವನಿಗೆ ನಮ್ಮ ಕಡೆಯ ಉರ್ದು ಬರುತ್ತಿತ್ತು. ಇದರಲ್ಲಿ ಬೇಕಾದಷ್ಟು ವಿಡಿಯೋ ನೋಡಬಹುದು, ಈ ದೇಶದೊಳಗೆ ಯಾರಿಗಾದರೂ ಮಾತಾಡಬಹುದು, ಹಿಂದೂಸ್ತಾನಕ್ಕೆ ಮಾತ್ರ ಆಗುವುದಿಲ್ಲ ಎಂದ. ಈ ದೇಶದೊಳಗೆ ನನಗೆ ಗೊತ್ತಿದ್ದವನು ಒಬ್ಬನೇ. ಅವನು ಜೆಡ್ಡಾದಲ್ಲಿ ಕೈ ತಿಕ್ಕಿಕೊಳ್ಳುತ್ತ ಕೂತಿದ್ದ. ಮತ್ತೊಂದು ಸಿಮ್ ಕೊಂಡೆ. ಈ ಸಲ ಬೆರಳನ್ನು ನೇರವಾಗಿ ಯಂತ್ರದ ಮೇಲೆ ಇಟ್ಟೆ. ಮೂವತ್ತು ವರ್ಷ ಹಗ್ಗ ಹಿಡಿದು ಸವೆದ ಬೆರಳು, ಯಂತ್ರ ಗುರುತು ಹಿಡಿಯಲಿಲ್ಲ. ಹತ್ತೂ ಬೆರಳು ಒತ್ತಿಸಿದ. ಕೊನೆಗೆ ಎಡಗೈಯ ಕಿರುಬೆರಳು ಒಂದೇ ನಾನು ನಾನೇ ಎಂದು ಸಾಕ್ಷಿ ಹೇಳಿತು.

ಶರೀಫಾಳ ಮುಂದೆ ಮಾತಾಡಲು ನಾಚಿಕೆ. ಹೋಟೆಲಿನ ಮೆಟ್ಟಿಲ ಮೇಲೆ ಒಬ್ಬನೇ ಹೋಗಿ ಕೂತೆ. ಹೇಳಬೇಕಾದದ್ದನ್ನು ಸಾಲಾಗಿ ಜೋಡಿಸಿಕೊಂಡಿದ್ದೆ. ಮೊದಲು ಸಲಾಮು, ಆಮೇಲೆ ಆರೋಗ್ಯ, ಆಮೇಲೆ ಹಲ್ಲಿನ ವಿಷಯ, ಕೊನೆಗೆ ಮಾಫಿ. ಮೊದಲ ಸಲ ಫೋನು ಬಡಿದುಕೊಂಡಿತು, ಯಾರೋ ಕಟ್ ಮಾಡಿದರು. ಎರಡನೇ ಸಲವೂ ಅದೇ. ಮೂರನೇ ಸಲ ಎತ್ತಿದರು. ಕೆಮ್ಮು ಕೇಳಿಸಿತು. ಅಣ್ಣನದೇ ಕೆಮ್ಮು. ಜೋಡಿಸಿಕೊಂಡಿದ್ದೆಲ್ಲ ಒಂದೇ ಏಟಿಗೆ ಚೆಲ್ಲಿಹೋಯಿತು.

"ಅಣ್ಣಾ, ನಾ ದಸ್ತಗೀರ ಅದೇನಿ," ಅಂದೆ. "ನಂದ ತಪ್ಪ ಆಗೇತಿ. ಮಾಫ್ ಮಾಡು." ಅಳು ಬಂತು. ಮೆಟ್ಟಿಲು ಇಳಿಯುತ್ತಿದ್ದ ಯಾರೋ ನನ್ನ ಭುಜ ತಟ್ಟಿ ಹೋದರು.

ಆ ಕಡೆ ಕೆಮ್ಮು ನಿಂತಿತು. ಆಮೇಲೆ ಅಣ್ಣ ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದ.

"ನನ್ನ ತಮ್ಮ ಹೇಳ್ಯಾನ, ಪ್ಲಸ್ ಹಚ್ಚಿದ ನಂಬರಿನವ್ರು ಹಿಂಗ ಅಳ್ತಾರ ಅಂತ. ಅವನ ಮಾತು ತಪ್ಪಂಗಿಲ್ಲ. ಮತ್ತ, ನನ್ನ ತಮ್ಮ ಮಾಫಿ ಕೇಳೂ ಮನಷ್ಯಾ ಅಲ್ಲ. ನೀ ಅದನ್ನ ವಿಚಾರ ಮಾಡಿ ಬರಬೇಕಿತ್ತು, ಹುಚ್ಚಾ."

ಫೋನು ಇಟ್ಟ. ಮತ್ತೆ ಮಾಡಿದೆ. ಎತ್ತಲಿಲ್ಲ. ನಾಲ್ಕನೇ ಸಲಕ್ಕೆ ಬಂದ್ ಆಗಿತ್ತು.

ಕೋಣೆಗೆ ಹೋಗಿ ಶರೀಫಾಳಿಗೆ ಎಲ್ಲ ಹೇಳಿದೆ. ನಾ ಮಾತಾಡಿದರ ನನ್ನ ದನಿ ಗುರುತು ಹಿಡಿತಿದ್ದರು, ನನ್ನನ್ನು ಯಾಕೆ ಕರೆಯಲಿಲ್ಲ ಎಂದು ಕೇಳಿದಳು. ಫೋನನ್ನು ಅವಳ ಕೈಗೆ ಕೊಟ್ಟೆ. ಸಂಜೆ ಅವಳೂ ಆ ನಂಬರಿಗೆ ಮಾಡಿ ನೋಡಿದಳು. ಬಂದ್ ಇತ್ತು. ನಮ್ಮನ್ನು ಕರೆತಂದಿದ್ದ ವಿಜಯಪುರದ ಏಜೆಂಟರ ಹತ್ತಿರ ಮಗನ ನಂಬರು ಇತ್ತು, ಅವರ ಫೋನಿನಿಂದ ಮಗನಿಗೆ ಸುದ್ದಿ ಮುಟ್ಟಿಸಿದೆವು. ಫೋನು ಮಾಡಿದ್ದು ಕಳ್ಳನಲ್ಲ, ನಾನೇ, ಇದನ್ನು ದೊಡ್ಡಪ್ಪನಿಗೆ ತಿಳಿಸು ಎಂದು ಮಗನಿಗೆ ಹೇಳುವುದು ಒಂದು ನಿಮಿಷದ ಮಾತು. ಹೇಳು ಎಂದು ಶರೀಫಾ ಮೊಣಕೈಯಿಂದ ತಿವಿದಳು. ಆದರೆ ಅಷ್ಟು ಹೇಳಿದರೆ, ಅಪ್ಪ ಮೆಟ್ಟಿಲ ಮೇಲೆ ಕೂತು ಅತ್ತ ಎಂಬುದು ಮಗನಿಗೆ ಗೊತ್ತಾಗುತ್ತದೆ, ಅವನಿಂದ ಗ್ರೂಪಿಗೆ, ಗ್ರೂಪಿನಿಂದ ನಾಲ್ಕೂ ತಾಲ್ಲೂಕಿಗೆ. ನಾವು ಆರಾಮ ಅದೇವಿ, ಊಟ ಛಲೋ ಐತಿ ಎಂದಷ್ಟೇ ಹೇಳಿ ಏಜೆಂಟರಿಗೆ ಫೋನು ಕೊಟ್ಟೆ. ಇನ್ನು ಆರು ದಿನ. ವಾಪಸು ಹೋದವನೇ ಖುದ್ದು ಕಾಲು ಹಿಡಿದರಾಯಿತು ಎಂದುಕೊಂಡೆ.

ನಾಲ್ಕನೇ ದಿನ ಬೆಳಿಗ್ಗೆ ನಾಷ್ಟಾದ ಹೊತ್ತಿಗೆ ಏಜೆಂಟರು ನನ್ನನ್ನು ಪಕ್ಕಕ್ಕೆ ಕರೆದರು. ಬಹಳ ಮೃದುವಾಗಿ ಮಾತಾಡಿದರು. ಮಾತು ಅಷ್ಟು ಮೃದುವಾಗಿದ್ದಾಗಲೇ ನನಗೆ ಗೊತ್ತಾಯಿತು. ಅಣ್ಣ ಹೋಗಿದ್ದ. ಅದೇ ದಿನ ದಫನ್ ಮಾಡುತ್ತಾರೆ, ನಾನು ಮುಟ್ಟುವ ಪ್ರಶ್ನೆಯೇ ಇರಲಿಲ್ಲ. ಕಾಬಾದ ಎದುರಿಗೆ ಹೋಗಿ ಕೂತೆ. ಏನು ಕೇಳಿಕೊಳ್ಳಬೇಕೋ ತಿಳಿಯಲಿಲ್ಲ. ಪಕ್ಕದಲ್ಲಿ ಶರೀಫಾ ಜಪಮಣಿ ಎಣಿಸುತ್ತ ಕೂತಿದ್ದಳು. ಬೈದಿದ್ದರೆ ಚೆನ್ನಾಗಿತ್ತು.

ಊರಿಗೆ ಬಂದ ಮರುದಿನ ಮುದ್ದೇಬಿಹಾಳಕ್ಕೆ ಹೋದೆವು. ಈ ಸಲ ಬಾಗೇವಾಡಿಯಲ್ಲಿ ಕಾಲು ತಡೆಯಲಿಲ್ಲ. ತಡೆಯಲು ಏನೂ ಉಳಿದಿರಲಿಲ್ಲ. ಅಂಗಳದಲ್ಲಿ ಐದಾರು ಮಂದಿ ಕೂತಿದ್ದರು. ಇಸ್ಮಾಯಿಲ ನನ್ನನ್ನು ತಬ್ಬಿಕೊಂಡು ಅತ್ತ. ಅಪ್ಪ ನೋವಿಲ್ಲದೆ ಹೋದರು ಎಂದ. ಹಾಸಿಗೆ ಹಿಡಿದ ಮೇಲೆ ದಿನಾ ಬೆಳಿಗ್ಗೆ ನಿಮ್ಮ ಸಂದೇಶ ಹಚ್ಚು ಎನ್ನುತ್ತಿದ್ದರಂತೆ. ಒಮ್ಮೆ ಕೇಳಿದ್ದನ್ನೇ ಇನ್ನೊಮ್ಮೆ ಹಚ್ಚಿಸುತ್ತಿದ್ದರಂತೆ. ಮಾತು ನಿನಗ ಗೊತ್ತಾತಲ್ಲ, ಮತ್ತ ಯಾಕ ಎಂದು ಕೇಳಿದರೆ, ಇರಲಿ ಹಚ್ಚು ಎನ್ನುತ್ತಿದ್ದರಂತೆ. ನಾನು ಮೂವತ್ತೆಂಟು ಮಂದಿಗೆಂದು ಒದರಿದ್ದನ್ನು ಗ್ರೂಪಿನಲ್ಲೇ ಇಲ್ಲದ ಒಬ್ಬನು ಕೂತು ಕೇಳುತ್ತಿದ್ದ.

"ಒಂದು ಮಜಾ ಆತ್ರಿ ಕಾಕಾ," ಇಸ್ಮಾಯಿಲ ಕಣ್ಣು ಒರೆಸಿಕೊಂಡು ಅಂದ. "ನೀವು ಅಲ್ಲಿದ್ದಾಗ ಒಬ್ಬ ಕಳ್ಳ ಅಪ್ಪಗ ಫೋನ್ ಮಾಡಿದ್ದ, ಥೇಟ ನಿಮ್ಮ ದನಿ. ಅಪ್ಪ ಅವನ್ನ ಹಿಡದ್ರು ನೋಡ್ರಿ. ಬಂದವ್ರಿಗೆಲ್ಲಾ ಅದನ್ನ ಹೇಳೂದು, ನಗೂದು. ಅವತ್ತ ಎರಡು ಬಟ್ಟಲ ಅಂಬಲಿ ಕುಡದ್ರು."

ನಾನು ನೆಲ ನೋಡುತ್ತ ಕೂತೆ. ಶರೀಫಾ ನನ್ನನ್ನೇ ನೋಡುತ್ತಿದ್ದಳು.

"ಆಮ್ಯಾಲ ಅಂದ್ರು, ಪಾಪ ಭಾಳ ಅತ್ತ, ಹೊಟ್ಟಿಪಾಡಿಗೆ ಏನ್ ಮಾಡ್ಯಾನ, ಆ ಕಳ್ಳಗ ನಾ ಮಾಫ್ ಮಾಡೇನಿ ಅಂತ."

"ನನ್ನ ಬಗ್ಗೆ ಏನರ ಅಂದನೇನು?" ಎಂದು ಕೇಳಿದೆ.

ಇಸ್ಮಾಯಿಲ ಸ್ವಲ್ಪ ಹಿಂದೆಮುಂದೆ ನೋಡಿದ. "ನಿಮ್ಮ ಬಗ್ಗೆ ಅಂಥಾದ್ದೇನಿಲ್ರಿ. ಅವ ಬರಲಿ, ಬಂದು ಕೇಳಲಿ, ಆಮ್ಯಾಲ ನೋಡೂಣು ಅಂದ್ರು."

ಹೀಗೆ ಒಂಬತ್ತು ವರ್ಷ ಕಾದ ಮಾಫಿ ನನ್ನ ಎಡಗೈಯ ಕಿರುಬೆರಳಿನ ಗುರುತಿನ ಮೇಲೆ ಕೊಂಡ ಒಂದು ಸಿಮ್ಮಿಗೆ ಸಿಕ್ಕಿತು. ಅದರ ಅವಧಿ ಒಂದು ವಾರದ್ದು, ಹಿಂದಿನ ದಿನವೇ ಮುಗಿದಿತ್ತು.

ಇಸ್ಮಾಯಿಲ ಒಳಗೆ ಹೋಗಿ ಅಣ್ಣನ ಹಳೆಯ ಫೋನು ತಂದ. ಪರದೆಯ ಮೇಲೆ ಆ ನಂಬರು ಇನ್ನೂ ಇತ್ತು. "ಇದನ್ನ ಪೊಲೀಸರಿಗೆ ಕೊಡೂಣೇನ್ರಿ ಕಾಕಾ? ಇಂಥಾದ್ರಾಗ ನೀವು ತಿಳದವ್ರು," ಎಂದ. ಅಂಗಳದಲ್ಲಿ ಕೂತವರೆಲ್ಲ ನನ್ನ ಕಡೆ ತಿರುಗಿದರು. ಅವ ನಾನ ಅದೇನಪಾ, ಇಷ್ಟೇ ಹೇಳಬೇಕಾಗಿತ್ತು.

"ಕೊಡಪಾ," ಅಂದೆ. "ಇಂಥವರನ್ನ ಬಿಡಬಾರ್ದು."

ಎಲ್ಲರೂ ಹೌದು ಹೌದೆಂದು ತಲೆಯಾಡಿಸಿದರು. ಶರೀಫಾ ಎದ್ದು ಒಳಗೆ ಹೋದಳು.